ಹಳೆಯ ಸ್ಪೋರ್ಟ್ಸ್ ಕಾರನ್ನು ಕೊಳ್ಳುವ ಮುನ್ನ ಪರೀಕ್ಷಿಸುವ ಬಗೆ: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನ ತೋಟದ ಮನೆಗಳ ಶೆಡ್ಡುಗಳಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಎರಡಾಸನದ ಹಳೆಯ ಕಾರು ನಿಂತಿರುತ್ತದೆ. ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ಅಂಥದೊಂದನ್ನು ಕೊಳ್ಳಬೇಕೆಂದು ಹೊರಡುವವರೂ ಕಡಿಮೆಯಿಲ್ಲ. ಹಾಗೆ ಹೊರಟವರು ನನ್ನನ್ನು ಕೇಳಿದ ಪ್ರಶ್ನೆಗಳನ್ನೂ, ಕಾರುಗಳ ಅಡಿಯಲ್ಲಿ ಮಲಗಿ ನೋಡಿ ಕಲಿತದ್ದರಿಂದ ನಾನು ಕೊಟ್ಟ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಇಂಗ್ಲೆಂಡಿನ ಹಳೆಯ ಎಂಜಿ ಮತ್ತು ಟ್ರಯಂಫ್ ಕಾರುಗಳವು. ಆದರೆ ನೋಡುವ ಕ್ರಮ ಬೇರೆ ಕಾರುಗಳಿಗೂ ಬಹುಮಟ್ಟಿಗೆ ಇದೇ.

ಮೊದಲು ನೋಡಬೇಕಾದದ್ದು ಎಂಜಿನ್ನನ್ನೋ, ಬಾಡಿಯನ್ನೋ?

ಬಾಡಿಯನ್ನು ಮತ್ತು ಅದನ್ನು ಹೊತ್ತಿರುವ ಚೌಕಟ್ಟನ್ನು. ಎಂಜಿನ್ ಕೆಟ್ಟಿದ್ದರೆ ಅದನ್ನು ಇಳಿಸಿ, ಮೇಜಿನ ಮೇಲೆ ಬಿಚ್ಚಿ ಸರಿಪಡಿಸಬಹುದು. ಎಂಜಿ ಕಂಪನಿಯ ಎಂಜಿಬಿಯಂಥ ಕಾರಿಗೆ ಪಿಸ್ಟನ್, ಬೇರಿಂಗ್, ವಾಲ್ವ್‌ಗಳನ್ನು ಇಂಗ್ಲೆಂಡಿನಿಂದ ಇಂದಿಗೂ ಹೊಸದಾಗಿ ತರಿಸಿಕೊಳ್ಳಬಹುದಾದ್ದರಿಂದ ಖರ್ಚನ್ನು ಮೊದಲೇ ಅಂದಾಜು ಮಾಡಲು ಸಾಧ್ಯ. ತುಕ್ಕಿನ ಖರ್ಚನ್ನು ಮಾತ್ರ ಯಾವ ಟಿಂಕರ್ ಮೇಸ್ತ್ರಿಯೂ ಮುಂಚಿತವಾಗಿ ಹೇಳಲಾರ, ಏಕೆಂದರೆ ಒಂದು ತಗಡನ್ನು ಕತ್ತರಿಸಿದ ಮೇಲಷ್ಟೇ ಅದರ ಹಿಂದಿನ ತಗಡು ಹೇಗಿದೆ ಎಂಬುದು ಕಣ್ಣಿಗೆ ಬೀಳುತ್ತದೆ, ಅದನ್ನು ತೆಗೆದರೆ ಇನ್ನೊಂದು.

ನಾನು ಕೊಂಡ ಮೊದಲ ಎಂಜಿಬಿಯ ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು, ಎಂಜಿನ್ ಒಂದೇ ಬಾರಿಗೆ ಸ್ಟಾರ್ಟ್ ಆಗುತ್ತಿತ್ತು. ಮನೆಗೆ ತಂದ ವಾರದಲ್ಲಿ ಚಕ್ರ ಬಿಚ್ಚಲೆಂದು ಜಾಕ್ ಕೊಟ್ಟಾಗ ಕಾರು ಮೇಲೇಳಲಿಲ್ಲ, ಜಾಕ್ ಮಾತ್ರ ಬಾಗಿಲಿನ ಕೆಳಗಿನ ಸಿಲ್ಲಿನೊಳಕ್ಕೆ ಹೊಕ್ಕಿತು. ಅಲ್ಲಿ ಸಿಕ್ಕಿದ್ದು ಮಡಚಿ ತುರುಕಿದ ಹಳೆಯ ದಿನಪತ್ರಿಕೆ ಮತ್ತು ಅದರ ಮೇಲೆ ಬೆರಳು ದಪ್ಪದ ಪುಟ್ಟಿ. ಆ ಕಾರನ್ನು ಮತ್ತೆ ರಸ್ತೆಗೆ ತರಲು ಕೊಂಡ ಬೆಲೆಗಿಂತ ಹೆಚ್ಚು ಹಣ ಹೋಯಿತು. ಅಂದಿನಿಂದ ನಾನು ಬಾನೆಟ್ ತೆರೆಯುವುದಕ್ಕೆ ಮೊದಲು ಚಾಪೆ ಹಾಸಿಕೊಂಡು ಕಾರಿನ ಕೆಳಗೆ ಮಲಗುತ್ತೇನೆ.

ಎಂಜಿಬಿಯಲ್ಲಿ ತುಕ್ಕು ಎಲ್ಲೆಲ್ಲಿ ಅಡಗಿರುತ್ತದೆ?

1962ರಿಂದ 1980ರವರೆಗೆ ಅಬಿಂಗ್ಡನ್‌ನಲ್ಲಿ ತಯಾರಾದ ಈ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಚಾಸಿ. ಮೇಲೆ ಗಟ್ಟಿ ಛಾವಣಿ ಇಲ್ಲದ ತೆರೆದ ಕಾರಿನಲ್ಲಿ ಮುಂದಿನ ಮತ್ತು ಹಿಂದಿನ ಭಾಗಗಳನ್ನು ಹಿಡಿದಿಡುವ ಹೊರೆ ಬಹುಪಾಲು ಬಾಗಿಲುಗಳ ಕೆಳಗಿನ ಸಿಲ್‌ಗಳ ಮೇಲೆಯೇ ಬೀಳುತ್ತದೆ. ಸಿಲ್ ಎಂದರೆ ಹೊರಗೆ ಕಾಣುವ ಒಂದು ತಗಡಲ್ಲ: ಹೊರ ಸಿಲ್, ನಡುವಿನ ಪರದೆ, ಒಳ ಸಿಲ್, ಅದರ ಕೆಳಗೆ ಕ್ಯಾಸಲ್ ರೈಲ್ ಎಂದು ಕರೆಯುವ ತೊಟ್ಟಿಯಾಕಾರದ ಪಟ್ಟಿ, ಇವೆಲ್ಲ ಸೇರಿದ ಪೆಟ್ಟಿಗೆ ಅದು. ಹೊರಗಿನದನ್ನು ಮಾತ್ರ ಹೊಸದು ಮಾಡಿ ಒಳಗಿನದನ್ನು ಕೊಳೆಯಲು ಬಿಟ್ಟ ಕಾರುಗಳು ಬೇಕಾದಷ್ಟಿವೆ. ಆದ್ದರಿಂದ ನೆಲದ ಕಾರ್ಪೆಟ್ಟನ್ನು ಎತ್ತಿ ಒಳಗಿನಿಂದಲೂ, ಕೆಳಗೆ ಮಲಗಿ ಹೊರಗಿನಿಂದಲೂ ನೋಡಬೇಕು.

ಒಂದು ಸರಳ ಪರೀಕ್ಷೆಯಿದೆ. ಬಾಗಿಲು ಮುಚ್ಚಿರುವಾಗ ಅದರ ಹಿಂದಿನ ಅಂಚಿನ ಸಂದನ್ನು ಮೇಲೆ ಒಂದು ಕಡೆ, ಕೆಳಗೆ ಒಂದು ಕಡೆ ಅಳೆದಿಟ್ಟುಕೊಳ್ಳಿ. ಬಳಿಕ ಮಾಲೀಕರ ಒಪ್ಪಿಗೆ ಪಡೆದು, ಸಿಲ್ಲಿನ ಜಾಕ್ ಕೊಡುವ ಜಾಗದಿಂದ ಆ ಬದಿಯ ಚಕ್ರಗಳು ನೆಲ ಬಿಡುವಷ್ಟು ಎತ್ತಿ ಅದೇ ಸಂದನ್ನು ಮತ್ತೆ ಅಳೆಯಿರಿ. ಗಟ್ಟಿಯಾದ ಕಾರಿನಲ್ಲಿ ಅಳತೆ ಹೆಚ್ಚು ಬದಲಾಗುವುದಿಲ್ಲ, ಬಾಗಿಲು ಸಲೀಸಾಗಿ ತೆರೆಯುತ್ತದೆ. ಸಂದು ಎದ್ದು ಕಾಣುವಂತೆ ಕಿರಿದಾದರೆ ಅಥವಾ ಬಾಗಿಲು ಸಿಕ್ಕಿಕೊಂಡರೆ ಕಾರು ನಡುವಿನಲ್ಲಿ ಬಾಗುತ್ತಿದೆ ಎಂದರ್ಥ. ಜಾಕ್ ಕೊಡಲು ಮಾಲೀಕರು ಒಪ್ಪದೆ ಇದ್ದರೆ ಅದನ್ನೂ ಒಂದು ಉತ್ತರವೆಂದೇ ನಾನು ಎಣಿಸುತ್ತೇನೆ.

ಸಿಲ್‌ಗಳ ನಂತರ ಆಸನಗಳ ಹಿಂದಿರುವ ಬ್ಯಾಟರಿ ತೊಟ್ಟಿಗಳನ್ನು ನೋಡಿ. 1974ರವರೆಗಿನ ಕಾರುಗಳಲ್ಲಿ 6 ವೋಲ್ಟಿನ ಎರಡು ಬ್ಯಾಟರಿಗಳು ಅಲ್ಲಿ ಕೂರುತ್ತಿದ್ದವು, ಆಸಿಡ್ ಚೆಲ್ಲಿ ತಗಡು ತಿಂದಿರುತ್ತದೆ. ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗಕ್ಕೂ ಡಿಕ್ಕಿಯ ನೆಲಕ್ಕೂ ನಡುವೆ ನೀರೂ ಕೆಸರೂ ನಿಲ್ಲುವುದರಿಂದ ಟ್ಯಾಂಕು ಮೇಲಿನಿಂದ ತೂತಾಗುವುದುಂಟು. ಟ್ಯಾಂಕ್ ಪೂರ್ತಿ ತುಂಬಿಸಿದಾಗ ಮಾತ್ರ ಪೆಟ್ರೋಲ್ ವಾಸನೆ ಬಂದರೆ ಕಾರಣ ಬಹುಶಃ ಅದೇ.

ಅಯಸ್ಕಾಂತ ಹಿಡಿದು ಪುಟ್ಟಿ ಪತ್ತೆ ಮಾಡಬಹುದೇ?

ಮಾಡಬಹುದು. ಬಣ್ಣಕ್ಕೆ ಗೀರು ಬೀಳದಂತೆ ತೆಳು ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತವನ್ನು ಚಕ್ರದ ಮೇಲಿನ ಕಮಾನು, ಬಾಗಿಲಿನ ತಳ, ಮಡ್‌ಗಾರ್ಡಿನ ಹಿಂಭಾಗ ಇಲ್ಲೆಲ್ಲ ಇಟ್ಟು ನೋಡಿ. ಹಿಡಿತ ಸಡಿಲವಾದಲ್ಲಿ ಪುಟ್ಟಿ ದಪ್ಪವಾಗಿದೆ. ಆದರೆ ಆರಂಭದ ವರ್ಷಗಳ ಎಂಜಿಬಿಯ ಬಾನೆಟ್ ಅಲ್ಯೂಮಿನಿಯಂದು, ಅದಕ್ಕೆ ಅಯಸ್ಕಾಂತ ಅಂಟುವುದೇ ಇಲ್ಲ. ಅದನ್ನು ದೋಷವೆಂದು ತಿಳಿದು ಒಳ್ಳೆಯ ಕಾರನ್ನು ಬಿಟ್ಟು ಬಂದವರನ್ನು ನಾನು ಬಲ್ಲೆ.

ಕೊಡಗಿನಲ್ಲೇ ಇದ್ದ ಕಾರು ಒಳ್ಳೆಯದೋ, ಹೊರಗಿನಿಂದ ತರುವುದೋ?

ಕೊಡಗು ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ, ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಕುಶಾಲನಗರದಲ್ಲಿ ಅದರ ಅರ್ಧವೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರಿನಲ್ಲಿ ಮಣ್ಣಿನ ನೆಲದ ಶೆಡ್ಡಿನಲ್ಲಿ ನಿಂತ ಕಾರಿಗೆ ಕೆಳಗಿನಿಂದ ತೇವ ಏರುತ್ತದೆ, ಮೇಲೆ ಟಾರ್ಪಾಲು ಹೊದಿಸಿದ್ದರೆ ಆ ತೇವ ಹೊರಗೆ ಹೋಗದೆ ಉಳಿಯುತ್ತದೆ. ತೋಟದ ರಸ್ತೆಯ ಕೆಂಪು ಮಣ್ಣು ಮಡ್‌ಗಾರ್ಡಿನ ಒಳ ಅಂಚುಗಳಲ್ಲಿ ಕುಳಿತರೆ ಬೇಸಗೆಯಲ್ಲೂ ತಿಂಗಳುಗಟ್ಟಲೆ ಒಣಗುವುದಿಲ್ಲ. ಬೆರಳು ಹಾಕಿ ಆ ಮಣ್ಣನ್ನು ಕೆದಕಿ ತೆಗೆದು ತಗಡನ್ನು ಮುಟ್ಟಿ ನೋಡಬೇಕು.

ಮಂಗಳೂರಿನ ಕಡಲ ಬದಿಯಲ್ಲಿ ಬಹುಕಾಲ ಇದ್ದ ಕಾರಿನ ತುಕ್ಕು ಇನ್ನೊಂದು ಬಗೆಯದು: ಉಪ್ಪಿನ ಗಾಳಿ ಕ್ರೋಮಿಯಂ ಲೇಪವನ್ನೂ ವೈರಿಂಗಿನ ಕೊನೆಗಳನ್ನೂ ಮೊದಲು ತಿನ್ನುತ್ತದೆ. ಮೈಸೂರು, ಬೆಂಗಳೂರಿನ ಒಣ ಹವೆಯಲ್ಲಿದ್ದ ಕಾರಿನ ತಗಡು ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ರಬ್ಬರು ಮತ್ತು ಚರ್ಮ ಬಿರುಕು ಬಿಟ್ಟಿರುತ್ತವೆ. ನನ್ನ ಆಯ್ಕೆ ಬಯಲುಸೀಮೆಯ ಕಾರು. ಬಿರಿದ ರಬ್ಬರನ್ನು ಬದಲಿಸುವುದು ಕೊಳೆತ ತಗಡನ್ನು ಬದಲಿಸಿದಂತಲ್ಲ.

2018ರ ಪ್ರವಾಹದಲ್ಲಿ ಮುಳುಗಿದ ಕಾರನ್ನು ಗುರುತಿಸುವುದು ಹೇಗೆ?

2018ರ ಆಗಸ್ಟ್‌ನಲ್ಲಿ ಕುಶಾಲನಗರದ ಬಡಾವಣೆಗಳಿಗೂ, 2019ರಲ್ಲಿ ಸಿದ್ದಾಪುರದ ಕರಡಿಗೋಡು ಕಡೆಗೂ ಕಾವೇರಿಯ ನೀರು ನುಗ್ಗಿತ್ತು. ನೀರಿನಲ್ಲಿ ನಿಂತಿದ್ದ ಕಾರನ್ನು ತೊಳೆದು ಬಣ್ಣ ಬಳಿದಿರಬಹುದು. ಆದರೆ ಹೆಡ್‌ಲ್ಯಾಂಪ್ ಬಟ್ಟಲಿನ ತಳ, ಆಸನದ ಸ್ಪ್ರಿಂಗುಗಳು, ಸ್ಪೀಡೋಮೀಟರ್ ಗಾಜಿನ ಒಳಬದಿ, ಡ್ಯಾಶ್‌ಬೋರ್ಡಿನ ಹಿಂದಿನ ವೈರುಗಳ ಮೇಲೆ ಒಣಗಿ ಉಳಿದ ಸಣ್ಣ ಮೆಕ್ಕಲು ಇವನ್ನು ಯಾರೂ ಪೂರ್ತಿ ತೊಳೆಯುವುದಿಲ್ಲ. ಹಿಂಚಕ್ರಗಳ ನಡುವಿನ ಗೇರುಗಳ ಗಡ್ಡೆಯಾದ ಡಿಫರೆನ್ಷಿಯಲ್ಲಿನ ಆಯಿಲ್ ಪ್ಲಗ್ ಬಿಚ್ಚಿ ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಸೇರಿದೆ.

ಎಂಜಿ ಟಿಸಿ, ಟಿಡಿಗಳ ಬಾಡಿಯಲ್ಲಿ ಮರವಿದೆಯಂತೆ. ಅದನ್ನು ಪರೀಕ್ಷಿಸುವುದು ಹೇಗೆ?

ಇದೆ. ಟಿಸಿ ತಯಾರಾದದ್ದು 1945ರಿಂದ 1949ರವರೆಗೆ, ಒಟ್ಟು ಸುಮಾರು 10,000 ಕಾರುಗಳು. ಅದರ ಚಾಸಿ ಉಕ್ಕಿನದೇ, ಆದರೆ ಬಾಡಿಯ ತಗಡುಗಳನ್ನು ಆಶ್ ಮರದ ಹಂದರಕ್ಕೆ ಮೊಳೆ ಹೊಡೆದು ಕೂರಿಸಲಾಗಿದೆ. 1953ರವರೆಗೆ ಬಂದ ಟಿಡಿ ಮತ್ತು ಆಮೇಲಿನ ಟಿಎಫ್‌ನಲ್ಲಿಯೂ ಹೀಗೆಯೇ. ಇಂಗ್ಲೆಂಡಿನಲ್ಲಿ ಈ ಮರಕ್ಕೆ ಕೊಳೆಯುವ ಭಯವೇ ಹೆಚ್ಚು. ನಮ್ಮಲ್ಲಿ ಗೆದ್ದಲು ಮತ್ತು ಮರ ಕೊರೆಯುವ ಹುಳುಗಳ ಭಯವೂ ಸೇರುತ್ತದೆ.

ಬಾಗಿಲನ್ನು ಅರ್ಧ ತೆರೆದು ಅದರ ಹಿಂದಿನ ತುದಿಯನ್ನು ಎರಡು ಕೈಯಿಂದ ಮೆಲ್ಲಗೆ ಮೇಲೆತ್ತಿ. ಕೀಲು ಮಾತ್ರ ಸವೆದಿದ್ದರೆ ಕೀಲಿನ ಪಿನ್ನು ಅಲುಗುತ್ತದೆ. ಕೀಲನ್ನು ಹೊತ್ತ ಕಂಬವೇ ಅಲುಗಿದರೆ ಮರ ಸತ್ತಿದೆ. ಆಸನ ತೆಗೆದು ನೆಲದ ಹಲಗೆಯ ಅಂಚುಗಳನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ: ಗಟ್ಟಿ ಮರ ಮರದಂತೆಯೇ ಸದ್ದು ಮಾಡುತ್ತದೆ, ಹುಳು ತಿಂದದ್ದು ರಟ್ಟಿನಂತೆ. ಸಣ್ಣ ತೂತುಗಳ ಕೆಳಗೆ ಹಿಟ್ಟಿನಂಥ ಪುಡಿ ಹೊಸದಾಗಿ ಬಿದ್ದಿದ್ದರೆ ಹುಳುಗಳು ಇನ್ನೂ ಜೀವಂತವಾಗಿವೆ. ಈ ಹಿಂದೆ ಯಾರಾದರೂ ಸ್ಥಳೀಯ ಬಡಗಿಯಿಂದ ತೇಗದಲ್ಲಿ ಹಂದರ ಮಾಡಿಸಿದ್ದರೆ ಅದನ್ನು ಕೊರತೆಯೆಂದು ನಾನು ಹೇಳಲಾರೆ, ನಮ್ಮ ಹವೆಗೆ ತೇಗ ಚೆನ್ನಾಗಿ ಬಾಳುತ್ತದೆ. ಆದರೆ ಮೂಲದಂತೆಯೇ ಇರುವ ಕಾರಿನ ಬೆಲೆಯನ್ನು ಅದಕ್ಕೆ ಕೊಡಬಾರದು.

ಟ್ರಯಂಫ್ ಸ್ಪಿಟ್‌ಫೈರ್‌ಗೆ ಹೆರಾಲ್ಡ್‌ನ ಭಾಗಗಳು ಹೊಂದುತ್ತವೆಯೇ?

ಹಲವು ಹೊಂದುತ್ತವೆ, ಏಕೆಂದರೆ ಸ್ಪಿಟ್‌ಫೈರ್ ಹುಟ್ಟಿದ್ದೇ ಟ್ರಯಂಫ್‌ನದೇ ಹೆರಾಲ್ಡ್ ಎಂಬ ಸಾಮಾನ್ಯ ಕಾರಿನ ಬಿಡಿಭಾಗಗಳ ಮೇಲೆ; ಅದೇ ಹೆರಾಲ್ಡ್ 1961ರಿಂದ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆಸರಿನಲ್ಲಿ ತಯಾರಾಯಿತು. ಆದ್ದರಿಂದ ಹಿಂದೆ ಹೆರಾಲ್ಡ್‌ನಲ್ಲಿ ಕೈಯಾಡಿಸಿದ ಮೇಸ್ತ್ರಿಗೆ ಸ್ಪಿಟ್‌ಫೈರ್‌ನ ಮುಂಭಾಗ ಹೊಸದೆನಿಸುವುದಿಲ್ಲ.

ಎರಡಕ್ಕೂ ಸಮಾನವಾದ ಒಂದು ಅಪಾಯವಿದೆ, ಅದನ್ನು ಒತ್ತಿ ಹೇಳಬೇಕು. ಮುಂಚಕ್ರವನ್ನು ಹಿಡಿದ ನೆಟ್ಟನೆಯ ಕೊಂಡಿಯ ತಳದಲ್ಲಿ ಹಿತ್ತಾಳೆ ಬಣ್ಣದ, ಟ್ರನಿಯನ್ ಎಂಬ ಕೀಲು ಇದೆ. ಅದಕ್ಕೆ ಹಾಕಬೇಕಾದದ್ದು ಗೇರ್ ಆಯಿಲ್, ಗ್ರೀಸ್ ಅಲ್ಲ. ಗ್ರೀಸ್ ಗಟ್ಟಿಯಾಗಿ ಒಳಗಿನ ತಿರುಪಿನ ಗೆರೆಗಳಿಗೆ ತಲುಪದೆ, ಕೊಂಡಿ ತುಕ್ಕು ಹಿಡಿದು ಒಂದು ದಿನ ತಿರುವಿನಲ್ಲಿ ಮುರಿಯಬಹುದು. ಆಗ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ. ಮಾಲೀಕರನ್ನು ಟ್ರನಿಯನ್‌ಗೆ ಏನು ಹಾಕುತ್ತೀರಿ ಎಂದು ಕೇಳಿ. ಉತ್ತರ ಗ್ರೀಸ್ ಎಂದಾದರೆ ಅಥವಾ ಪ್ರಶ್ನೆಯೇ ಅವರಿಗೆ ಅರ್ಥವಾಗದಿದ್ದರೆ, ಆ ಭಾಗಗಳನ್ನು ಬದಲಿಸುವವರೆಗೆ ಘಾಟಿಯಲ್ಲಿ ಆ ಕಾರನ್ನು ಓಡಿಸಬೇಡಿ.

ಇನ್ನೊಂದು: ಸಹಾಯಕ್ಕೆ ಬಂದವರು ಕ್ಲಚ್ ತುಳಿದು ಬಿಡುತ್ತಿರುವಾಗ ಎಂಜಿನ್ನಿನ ಮುಂದಿನ ಪುಲ್ಲಿಯನ್ನು ನೋಡುತ್ತಿರಿ. ಅದು ಹಿಂದೆ ಮುಂದೆ ಸರಿಯುವುದು ಕಣ್ಣಿಗೆ ಕಂಡರೆ ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕನ್ನು ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರ್‌ಗಳು ಸವೆದಿವೆ. ಅವು ಕಳಚಿ ಬಿದ್ದರೆ ಎಂಜಿನ್ ಬ್ಲಾಕೇ ಹಾಳಾಗುತ್ತದೆ.

ಪರೀಕ್ಷೆಗೆ ಯಾವ ಜಾಗ, ಯಾವ ಹೊತ್ತು ಒಳ್ಳೆಯದು?

ಸಿಮೆಂಟಿನ ಕಾಫಿ ಕಣದಂಥ ಜಾಗ ಬೇರೊಂದಿಲ್ಲ. ನೀರು ಹರಿಯಲೆಂದು ಬಿಟ್ಟ ತುಸು ಓರೆಯನ್ನು ಹೊರತುಪಡಿಸಿದರೆ ಅದು ಮಟ್ಟಸವಾಗಿರುತ್ತದೆ, ಬೆಳಕು ಸುತ್ತಲಿಂದ ಬೀಳುತ್ತದೆ, ಹತ್ತು ಹೆಜ್ಜೆ ದೂರ ನಿಂತು ಕಾರು ಒಂದು ಬದಿಗೆ ವಾಲಿದೆಯೇ ಎಂದು ನೋಡಬಹುದು. ಹಿಂದಿನ ಸಂಜೆಯೇ ಕಾರನ್ನು ಕಣದಲ್ಲಿ ನಿಲ್ಲಿಸಿಡಲು ಕೇಳಿಕೊಂಡರೆ ಬೆಳಗ್ಗೆ ನೆಲದ ಮೇಲೆ ಏನು ತೊಟ್ಟಿಕ್ಕಿದೆ ಎಂಬುದು ತಿಳಿಯುತ್ತದೆ. ಎಂಜಿನ್ ಆಯಿಲ್ಲಿನ ನಾಲ್ಕು ಹನಿ ಈ ಕಾರುಗಳಿಗೆ ಸಹಜ; ಚಕ್ರದ ಬಳಿ ತಿಳಿ ಹಳದಿಯ ಬ್ರೇಕ್ ಆಯಿಲ್ ಬಿದ್ದಿದ್ದರೆ ಆ ದಿನ ಕಾರನ್ನು ಓಡಿಸಲೇಬಾರದು. ಕೊಯ್ಲಿನ ಕಾಲದಲ್ಲಿ ಕಣ ಖಾಲಿ ಇರುವುದಿಲ್ಲವಾದ್ದರಿಂದ ಮಾರ್ಚ್ ಕಳೆದ ಮೇಲೆ ಹೋಗುವುದು ಅನುಕೂಲ. ಸಾಧ್ಯವಾದರೆ ಮಳೆಗಾಲದಲ್ಲಿ ಇನ್ನೊಮ್ಮೆ ನೋಡಿ: ಮೇಲಿನ ಬಟ್ಟೆಯ ಹುಡ್ ಎಲ್ಲಿ ಸೋರುತ್ತದೆ, ವೈಪರ್ ಎಷ್ಟು ಹೊತ್ತು ಕೆಲಸ ಮಾಡುತ್ತದೆ ಎಂಬುದನ್ನು ಜುಲೈ ತಿಂಗಳು ಮಾತ್ರ ತೋರಿಸಬಲ್ಲದು.

ಯಾವ ಮೆಕ್ಯಾನಿಕ್ಕನ್ನು ಜತೆಗೆ ಕರೆದೊಯ್ಯಬೇಕು?

ಗೋಣಿಕೊಪ್ಪ, ಸಿದ್ದಾಪುರ, ಸೋಮವಾರಪೇಟೆಗಳಲ್ಲಿ ಜೀಪುಗಳನ್ನು ದುರಸ್ತಿ ಮಾಡಿ ಪಳಗಿದ ಹಿರಿಯ ಮೇಸ್ತ್ರಿಗಳಿದ್ದಾರೆ. ಲೀಫ್ ಸ್ಪ್ರಿಂಗ್, ಕಿಂಗ್‌ಪಿನ್, ಕಾರ್ಬ್ಯುರೇಟರ್, ಪಾಯಿಂಟ್ ಇಗ್ನಿಷನ್ ಇವೆಲ್ಲ ಅವರ ಕೈಬೆರಳಿಗೆ ಗೊತ್ತು. ಸ್ಕ್ಯಾನರ್ ಹಚ್ಚಿ ದೋಷ ಓದುವ ಗ್ಯಾರೇಜಿಗಿಂತ ಅವರ ಕಿವಿ ಇಲ್ಲಿ ಹೆಚ್ಚು ನಂಬಿಕಸ್ಥ. ಅವರಿಗೆ ಒಂದು ದಿನದ ಕೂಲಿಯನ್ನು ಗೌರವದಿಂದ ಕೊಡಿ. ಕಾರು ಮಾರಿಸಿದರೆ ಕಮಿಷನ್ ಪಡೆಯುವವರನ್ನು ಮಾತ್ರ ಕರೆದೊಯ್ಯಬೇಡಿ.

ಟಿಸಿ, ಟಿಡಿಗಳ 1,250 ಸಿಸಿ ಎಂಜಿನ್ನಿನ ವಿಷಯದಲ್ಲಿ ಅವರಿಗೂ ಒಂದು ಮಾತು ತಿಳಿಸಿರಬೇಕು. ಅದರ ಬೋಲ್ಟುಗಳ ತಿರುಪಿನ ಗೆರೆ ಮೆಟ್ರಿಕ್, ತಲೆಗಳು ಮಾತ್ರ ವಿಟ್‌ವರ್ತ್ ಎಂಬ ಹಳೆಯ ಇಂಗ್ಲಿಷ್ ಅಳತೆಯವು. ಇದು ತಿಳಿಯದೆ ಸಿಕ್ಕ ಸ್ಪ್ಯಾನರ್ ಹಾಕಿದವರು ತಲೆಗಳನ್ನು ಉರುಟು ಮಾಡಿರುತ್ತಾರೆ. ಬೋಲ್ಟುಗಳ ಮೂಲೆಗಳು ಚೂಪಾಗಿ ಉಳಿದಿರುವ ಎಂಜಿನ್ ಬಲ್ಲವರ ಕೈಯಲ್ಲಿ ಬಾಳಿದೆ ಎಂದು ತಿಳಿಯಬಹುದು.

ಎಂಜಿನ್ ಚೆನ್ನಾಗಿದೆ ಎಂದು ತೀರ್ಮಾನಿಸುವುದು ಹೇಗೆ?

ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು. ನೀವು ತಲುಪಿದ ಕೂಡಲೇ ರೇಡಿಯೇಟರ್ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಮರುದಿನ ಬರುತ್ತೇನೆಂದು ಹೇಳುವುದರಲ್ಲಿ ಸಂಕೋಚ ಬೇಡ. ಸ್ಟಾರ್ಟ್ ಆದ ಕ್ಷಣ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಗೈಡ್ ಸವೆದಿರಬಹುದು. ಏರಿನಲ್ಲಿ ಎಳೆಯುವಾಗಲೂ ನೀಲಿ ಹೊಗೆ ಬರುತ್ತಲೇ ಇದ್ದರೆ ಪಿಸ್ಟನ್ ರಿಂಗುಗಳ ಕಾಲ ಮುಗಿದಿದೆ. ಎಂಜಿಬಿಯ 1,798 ಸಿಸಿ ಎಂಜಿನ್ ಬಿಸಿಯಾದ ಮೇಲೆ ಓಡುತ್ತಿರುವಾಗ ಆಯಿಲ್ ಒತ್ತಡ ಚದರ ಇಂಚಿಗೆ 50 ಪೌಂಡಿನ ಮೇಲಿರಬೇಕು, ನಿಂತಾಗ ಇಳಿಯುವುದು ಸಹಜ.

ಸಿಲಿಂಡರಿನೊಳಗಿನ ಒತ್ತಡವನ್ನು ಮೀಟರ್ ಹಚ್ಚಿ ಅಳೆಯುವ ಕಂಪ್ರೆಷನ್ ಪರೀಕ್ಷೆಯಲ್ಲಿ ಊರಿನ ಎತ್ತರವನ್ನು ಮರೆಯಬಾರದು. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗಿಂತ ಮೇಲಿದೆ, ಇಲ್ಲಿ ಗಾಳಿಯ ಒತ್ತಡವೇ ಸುಮಾರು ಶೇಕಡಾ 12ರಷ್ಟು ಕಡಿಮೆ; ಪುಸ್ತಕದ ಅಂಕಿಗಿಂತ ಮೀಟರ್ ಅಷ್ಟೇ ಪ್ರಮಾಣದಲ್ಲಿ ಕಡಿಮೆ ತೋರಿಸಿದರೆ ಗಾಬರಿ ಬೇಡ. ನೋಡಬೇಕಾದದ್ದು ನಾಲ್ಕು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸವನ್ನು, ಅದು ಹತ್ತನೇ ಒಂದನ್ನು ಮೀರಬಾರದು. ಹಾಗೆಯೇ ಮಂಗಳೂರಿನಲ್ಲಿ ಟ್ಯೂನ್ ಮಾಡಿದ, ಈ ಕಾರುಗಳ ಎಸ್‌ಯು ಕಂಪನಿಯ ಕಾರ್ಬ್ಯುರೇಟರ್ ಇಲ್ಲಿಗೆ ಬಂದಾಗ ಪೆಟ್ರೋಲ್ ಹೆಚ್ಚಾಗಿ ಪ್ಲಗ್ಗುಗಳು ಕಪ್ಪಾಗುತ್ತವೆ. ಅದು ಎಂಜಿನ್ನಿನ ಕಾಯಿಲೆಯಲ್ಲ.

ಎಂಜಿಗೆ ಅಂಬಾಸಡರ್ ಎಂಜಿನ್ ಹಾಕಿರುತ್ತಾರೆ ಎನ್ನುವುದು ನಿಜವೇ?

ನಿಜ, ಮತ್ತು ಅದಕ್ಕೆ ಕಾರಣವೂ ಇದೆ. ಅಂಬಾಸಡರ್‌ನ 1,489 ಸಿಸಿ ಪೆಟ್ರೋಲ್ ಎಂಜಿನ್ ಮತ್ತು ಎಂಜಿಬಿಯ ಎಂಜಿನ್ ಒಂದೇ ಬಿ ಸೀರೀಸ್ ಕುಟುಂಬದವು, ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಬಿಡಿಭಾಗಗಳ ಆಮದು ಕಷ್ಟವಾಗಿದ್ದ ಕಾಲದಲ್ಲಿ ಕಾರನ್ನು ಬದುಕಿಸಲು ಮಾಲೀಕರು ಕಂಡುಕೊಂಡ ದಾರಿ ಅದು, ಅವರನ್ನು ಹಳಿಯುವಂತಿಲ್ಲ. ಆದರೆ ಕೊಳ್ಳುವವರು ತಿಳಿದೇ ಕೊಳ್ಳಬೇಕು. ಮೂಲ ಎಂಜಿನ್ನಿನ ಸಂಖ್ಯೆ 18ಜಿ, 18ಜಿಎ, 18ಜಿಬಿ ಎಂಬಂತೆ ಆರಂಭವಾಗುತ್ತದೆ. ಮೊದಲ ಎರಡರಲ್ಲಿ ಕ್ರ್ಯಾಂಕಿಗೆ ಮೂರು ಬೇರಿಂಗ್, 18ಜಿಬಿಯಿಂದ ಮುಂದೆ ಐದು. ಮೊದಲ ಸರಣಿಯ ತೆರೆದ ಕಾರಿನ ಚಾಸಿ ಸಂಖ್ಯೆ ಜಿಎಚ್‌ಎನ್3 ಎಂದು ಶುರುವಾಗುತ್ತದೆ. ಆರ್‌ಸಿಯಲ್ಲಿರುವ ಎರಡೂ ಸಂಖ್ಯೆಗಳನ್ನು ಕಾರಿನ ಮೇಲಿನವುಗಳೊಡನೆ ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ.

ಈಗಿನ ಪೆಟ್ರೋಲ್ ಈ ಕಾರುಗಳಿಗೆ ಒಗ್ಗುತ್ತದೆಯೇ?

ಎರಡು ತೊಂದರೆಗಳಿವೆ. 2000ನೇ ಇಸವಿಯಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂದ ಮೇಲೆ ಹಳೆಯ ಎರಕದ ಕಬ್ಬಿಣದ ಹೆಡ್‌ಗಳಲ್ಲಿ ವಾಲ್ವ್ ಸೀಟು ಸವೆಯುವುದು ಹೆಚ್ಚಿತು. ವಾಲ್ವ್ ತುದಿಯಲ್ಲಿ ಬಿಡುವ ಟ್ಯಾಪೆಟ್ ಸಂದು ಪದೇ ಪದೇ ಕಿರಿದಾಗುತ್ತಿದ್ದರೆ ಅದೇ ಕಾರಣ. ಗಟ್ಟಿ ಸೀಟುಗಳನ್ನು ಕೂರಿಸಿದ ಬಿಲ್ ಇದ್ದರೆ ಕೇಳಿ ಪಡೆಯಿರಿ. ಎರಡನೆಯದು ಶೇಕಡಾ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಅದು ಹಳೆಯ ರಬ್ಬರ್ ಕೊಳವೆಗಳನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲವಿಡೀ ಅರ್ಧ ಟ್ಯಾಂಕಿನೊಂದಿಗೆ ನಿಂತ ಕಾರಿನ ಟ್ಯಾಂಕಿನ ತಳದಲ್ಲಿ ನೀರು ಕೂತಿರುತ್ತದೆ. ಕೊಳವೆಗಳನ್ನು ಹಿಸುಕಿ ನೋಡಿ. ಅಂಟಂಟಾಗಿ ಬೆರಳಿಗೆ ಕಪ್ಪು ಹತ್ತಿದರೆ ಅವನ್ನು ಬದಲಿಸದೆ ಎಂಜಿನ್ ಚಾಲೂ ಮಾಡಬೇಡಿ, ಬಿಸಿ ಎಕ್ಸಾಸ್ಟ್ ಅಲ್ಲೇ ಪಕ್ಕದಲ್ಲಿರುತ್ತದೆ.

ವೈರಿಂಗ್ ಬಗ್ಗೆ?

1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರುತ್ತದೆ. ಯಾರಾದರೂ ಬದಲಾಯಿಸಿದ್ದಾರೆಯೇ ಎಂದು ಕೇಳಿ ತಿಳಿಯದೆ ಚಾರ್ಜರ್ ಹಚ್ಚಬೇಡಿ. ತೋಟದ ಶೆಡ್ಡಿನಲ್ಲಿ ಇಲಿಗಳು ವೈರು ಕಡಿಯುವುದು ಎಲ್ಲರಿಗೂ ಗೊತ್ತಿರುವುದೇ.

ಓಡಿಸಿ ನೋಡಲು ಯಾವ ರಸ್ತೆ?

ಮೊದಲು ಕಣದಲ್ಲಿ, ನಡೆಯುವ ವೇಗದಲ್ಲಿ ಬ್ರೇಕ್ ತುಳಿದು ನೋಡಿ. ಪೆಡಲ್ ಗಟ್ಟಿಯಾಗಿ ನಿಲ್ಲಬೇಕು. ಕಾಲು ಒತ್ತಿ ಹಿಡಿದಂತೆ ಅದು ನಿಧಾನವಾಗಿ ಕೆಳಗಿಳಿದರೆ ಮಾಸ್ಟರ್ ಸಿಲಿಂಡರ್ ಸೋರುತ್ತಿದೆ. ಆ ಕಾಲದ ಬಹುಪಾಲು ಕಾರುಗಳ ಬ್ರೇಕಿಗೆ ಒಂದೇ ಸರ್ಕ್ಯೂಟ್ ಇರುವುದರಿಂದ ಒಂದು ಕೊಳವೆ ಒಡೆದರೆ ನಾಲ್ಕು ಚಕ್ರಗಳ ಬ್ರೇಕೂ ಒಮ್ಮೆಗೇ ಹೋಗುತ್ತದೆ. ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ಅದು ಇಳಿಜಾರಿನಲ್ಲಿ ಕಾರನ್ನು ಹಿಡಿಯುತ್ತದೆಯೇ ಎಂದು ಪ್ರತ್ಯೇಕವಾಗಿ ಪರೀಕ್ಷಿಸಿ.

ಇಷ್ಟು ಸಮಾಧಾನವಾದ ಮೇಲೆ ಕುಶಾಲನಗರದ ಕಡೆಯ ನೇರ ರಸ್ತೆಯಲ್ಲಿ ಕೈ ಸಡಿಲಿಸಿ ಕಾರು ಎತ್ತ ಎಳೆಯುತ್ತದೆ ನೋಡಿ. ಸ್ಪೋಕ್ ಚಕ್ರಗಳಿದ್ದರೆ ಹೊರಡುವಾಗ ಮತ್ತು ಬ್ರೇಕ್ ಹಾಕುವಾಗ ಟಕ್ ಎಂಬ ಸದ್ದು ಬರುತ್ತದೆಯೇ ಕೇಳಿ. ಬಂದರೆ ಚಕ್ರ ಕೂರುವ ನಡುಗುಂಬದ (ಹಬ್) ಹಲ್ಲುಗಳು ಸವೆದಿವೆ. ಎರಡನೇ ಗೇರಿನಲ್ಲಿ ವೇಗ ಹಿಡಿದು ಆಕ್ಸಿಲರೇಟರ್ ಬಿಟ್ಟಾಗ ಗೇರ್ ತಾನಾಗಿ ಹೊರಬರಬಾರದು. ಆರಂಭದ ಎಂಜಿಬಿಗಳ ಒಂದನೇ ಗೇರಿಗೆ ಹಲ್ಲುಗಳ ವೇಗ ಹೊಂದಿಸುವ ಸಿಂಕ್ರೋಮೆಶ್ ಇಲ್ಲವಾದ್ದರಿಂದ ಓಡುತ್ತಿರುವಾಗ ಅದಕ್ಕೆ ಇಳಿಸಿದರೆ ಕರಕರ ಎನ್ನುವುದು ದೋಷವಲ್ಲ.

ಘಾಟಿ ಕೊನೆಯ ಪರೀಕ್ಷೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಬ್ರೇಕು ಬಿಸಿಯಾಗಿ ಸೋಲುತ್ತದೆಯೇ, ಹಿಂದಿರುಗಿ ಏರುವಾಗ ಕ್ಲಚ್ ಜಾರುತ್ತದೆಯೇ, ನೀರು ಕುದಿಯುತ್ತದೆಯೇ ಎಂಬ ಮೂರೂ ತಿಳಿಯುತ್ತವೆ. ಟಿಸಿಯ ರೇಡಿಯೇಟರಿಗೆ ಒತ್ತಡದ ಮುಚ್ಚಳ ಇಲ್ಲ, ಮತ್ತು ನಮ್ಮ ಎತ್ತರದಲ್ಲಿ ನೀರು 96 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಬಯಲಿನಲ್ಲಿ ತಣ್ಣಗೆ ಓಡಿದ ಕಾರು ಜೋಡುಪಾಲದ ಏರಿನಲ್ಲಿ ಹಬೆ ಉಗುಳುವುದು ಇದರಿಂದಲೇ. ವಿಮೆ ಮತ್ತು ಆರ್‌ಸಿ ಚಾಲ್ತಿಯಲ್ಲಿಲ್ಲದ ಕಾರನ್ನು ಹೆದ್ದಾರಿಗೆ ಒಯ್ಯಲೇಬೇಡಿ.

ಹದಿನೈದು ವರ್ಷ ಶೆಡ್ಡಿನಲ್ಲಿ ನಿಂತ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಿ ನೋಡಬಹುದೇ?

ಬೇಡ. ಪ್ಲಗ್ಗುಗಳನ್ನು ಬಿಚ್ಚಿ ಪ್ರತಿ ಸಿಲಿಂಡರಿಗೆ ಒಂದೆರಡು ಚಮಚ ಆಯಿಲ್ ಬಿಟ್ಟು, ಒಂದು ದಿನ ಕಾದು, ಟಾಪ್ ಗೇರಿನಲ್ಲಿಟ್ಟು ಕಾರನ್ನು ಕೈಯಿಂದ ಮೆಲ್ಲಗೆ ಅಲುಗಿಸಿ ಎಂಜಿನ್ ತಿರುಗುತ್ತದೆಯೇ ಎಂದಷ್ಟೇ ನೋಡಿ. ತಿರುಗದಿದ್ದರೆ ಎಂಜಿನ್ ಕೆಲಸವನ್ನು ಪೂರ್ತಿಯಾಗಿ ಮಾಡಿಸಬೇಕೆಂದು ಲೆಕ್ಕ ಹಾಕಿ ಬೆಲೆ ಹೇಳಿ. ಟೈರುಗಳ ಮೇಲೆ ನಾಲ್ಕು ಅಂಕಿಯ ಗುರುತಿರುತ್ತದೆ: ಮೊದಲೆರಡು ವಾರ, ಕೊನೆಯೆರಡು ವರ್ಷ. ಗೀರುಗಳು ಎಷ್ಟೇ ಆಳವಾಗಿದ್ದರೂ ಹತ್ತು ವರ್ಷ ದಾಟಿದ ಟೈರನ್ನು ನಂಬಬಾರದು.

ಕಾಗದಪತ್ರಗಳಲ್ಲಿ ಏನೇನು ನೋಡಬೇಕು?

ತುಕ್ಕಿನಷ್ಟೇ ಹೆಚ್ಚು ಜನರನ್ನು ದುಃಖಕ್ಕೆ ಈಡು ಮಾಡಿದ್ದು ಕಾಗದಪತ್ರ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಎಂವೈ ಎಂದು ಆರಂಭವಾಗುವ ಹಳೆಯ ಸಂಖ್ಯೆಯ ಕಾರುಗಳ ಎಷ್ಟೋ ಆರ್‌ಸಿ ಪುಸ್ತಕಗಳು ದಶಕಗಳಿಂದ ನವೀಕರಣಗೊಂಡಿಲ್ಲ. ಅಂಥ ಕಾರಿನ ದಾಖಲೆ ಸಾರಿಗೆ ಇಲಾಖೆಯ ಕಂಪ್ಯೂಟರಿಗೆ ಸೇರಿದೆಯೇ ಎಂದು ಹಣ ಕೊಡುವುದಕ್ಕೆ ಮೊದಲು ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ, ಅಥವಾ ಕಾರು ನೋಂದಣಿಯಾದ ಊರಿನ ಕಚೇರಿಯಲ್ಲಿ ವಿಚಾರಿಸಬೇಕು.

ಐನ್‌ಮನೆಯ, ಅಂದರೆ ಕೊಡವ ಮನೆತನದ ಮೂಲ ಮನೆಯ, ಕಾರುಗಳಲ್ಲಿ ಇನ್ನೊಂದು ತೊಡಕಿದೆ. ಆರ್‌ಸಿ ಅಜ್ಜನ ಹೆಸರಿನಲ್ಲಿರುತ್ತದೆ, ಅಜ್ಜ ತೀರಿಕೊಂಡು ಮೂವತ್ತು ವರ್ಷವಾಗಿರುತ್ತದೆ, ಮೊಮ್ಮಗ ಕಾರನ್ನು ಮಾರುತ್ತಿರುತ್ತಾನೆ. ಮಾರಾಟಕ್ಕೆ ಮುನ್ನ ಕಾರು ವಾರಸುದಾರರ ಹೆಸರಿಗೆ ಫಾರಂ 31ರ ಮೂಲಕ ವರ್ಗಾವಣೆಯಾಗಬೇಕು, ಅದಕ್ಕೆ ಒಕ್ಕದ (ಮನೆತನದ) ಉಳಿದ ವಾರಸುದಾರರ ಒಪ್ಪಿಗೆಯೂ ಬೇಕಾಗಬಹುದು. ಅದನ್ನು ಅವರೇ ಮಾಡಿಸಿಕೊಡಲಿ. ಬಳಿಕ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಳ್ಳಿ. ಕಾರು ಬೇರೆ ರಾಜ್ಯದ್ದಾದರೆ ಫಾರಂ 28ರ ನಿರಾಕ್ಷೇಪಣಾ ಪತ್ರ ಬೇಕು. ವಿದೇಶದಲ್ಲಿ ನೋಂದಣಿಯಾಗಿ ಬಂದ ಕಾರಾದರೆ ಕಸ್ಟಮ್ಸ್ ಸುಂಕ ಕಟ್ಟಿದ ದಾಖಲೆಯಿಲ್ಲದೆ ಮುಂದುವರಿಯುವುದು ಕ್ಷೇಮವಲ್ಲ.

ವಿಂಟೇಜ್ ನೋಂದಣಿ ಮಾಡಿಸುವುದು ಒಳ್ಳೆಯದೇ?

2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮಗಳ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗದ ವಾಹನಗಳಿಗೆ ವಿಎ ಅಕ್ಷರಗಳಿರುವ ಪ್ರತ್ಯೇಕ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ ನಿಗದಿಪಡಿಸಿದ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಅಂಥ ಕಾರನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಇಂಥ ಉದ್ದೇಶಗಳಿಗೆ ಮಾತ್ರ ರಸ್ತೆಗಿಳಿಸಬಹುದು. ಭಾನುವಾರ ಭಾನುವಾರ ವಿರಾಜಪೇಟೆಗೆ ಹೋಗಿಬರುವ ಆಸೆಯುಳ್ಳವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳುವುದು ಲೇಸು. ಎಂಜಿನ್ ಬದಲಾದ ಕಾರಿಗೆ ಈ ದಾರಿಯಲ್ಲಿ ಅಡ್ಡಿ ಬರಬಹುದೆಂಬುದನ್ನು ಬೆಲೆ ಮಾತಾಡುವಾಗಲೇ ನೆನಪಿಡಿ.

ದೊಡ್ಡ ಸೇನಾಧಿಕಾರಿಯೊಬ್ಬರು ಬಳಸಿದ ಕಾರು ಎಂದು ಹೇಳಿದರೆ ಹೆಚ್ಚು ಬೆಲೆ ಕೊಡಬಹುದೇ?

ಆರ್‌ಸಿಯಲ್ಲಿ ಅವರ ಹೆಸರಿದ್ದರೆ ಕೊಡಬಹುದು. ಮಾತಿಗೆ ಬೇಡ.

ಕೊಂಡ ಮೇಲಿನ ಖರ್ಚಿಗೆ ಎಷ್ಟು ಎತ್ತಿಡಬೇಕು?

ನನ್ನ ರೂಢಿಯೆಂದರೆ ಕೈಯಲ್ಲಿರುವ ಹಣದ ಮೂರನೇ ಎರಡರಷ್ಟನ್ನು ಮಾತ್ರ ಕಾರಿಗೆ ಕೊಡುವುದು, ಉಳಿದದ್ದನ್ನು ಮೊದಲ ವರ್ಷದ ಟೈರು, ಬ್ರೇಕು, ಕೊಳವೆ, ಬ್ಯಾಟರಿಗಳಿಗೆ ಇಡುವುದು. ವಿಮೆಯ ವಿಷಯದಲ್ಲಿ ಒಂದು ಮಾತು: ಇಷ್ಟು ಹಳೆಯ ಕಾರಿನ ಮೌಲ್ಯವನ್ನು ವಿಮಾ ಕಂಪನಿಯೂ ಮಾಲೀಕರೂ ಪರಸ್ಪರ ಒಪ್ಪಿ ನಿಗದಿ ಮಾಡಿಕೊಳ್ಳಬೇಕಾಗುತ್ತದೆ, ಆದ್ದರಿಂದ ಪರೀಕ್ಷೆಯ ದಿನ ತೆಗೆದ ಫೋಟೋಗಳನ್ನೂ ಮೇಸ್ತ್ರಿಯ ಲಿಖಿತ ಅಭಿಪ್ರಾಯವನ್ನೂ ಜೋಪಾನವಾಗಿಡಿ. ಕಾರು ನಿಮ್ಮ ಹೆಸರಿಗಾದ 14 ದಿನಗಳೊಳಗೆ ವಿಮೆಯನ್ನೂ ವರ್ಗಾಯಿಸಲು ಅರ್ಜಿ ಕೊಡಬೇಕು.

ಕೊಂಡ ಕಾರನ್ನು ಮನೆಗೆ ಓಡಿಸಿಕೊಂಡು ಬರಬಹುದೇ?

ಮೇಸ್ತ್ರಿ ಬ್ರೇಕು ಮತ್ತು ಮುಂಚಕ್ರಗಳನ್ನು ಬಿಚ್ಚಿ ನೋಡಿ ಸರಿಯಿದೆ ಎಂದ ಕಾರನ್ನು, ಕಾಗದಪತ್ರ ಪೂರ್ತಿಯಾಗಿದ್ದರೆ, ಹಗಲಿನಲ್ಲಿ ನಿಧಾನವಾಗಿ ತರಬಹುದು. ಉಳಿದ ಯಾವುದೇ ಸ್ಥಿತಿಯಲ್ಲಿ ಅದನ್ನು ಲಾರಿಯ ಮೇಲೇರಿಸಿ ತರಿಸಿ; ಮಾಕುಟ್ಟ ಅಥವಾ ಸಂಪಾಜೆ ಘಾಟಿಯ ತಿರುವಿನಲ್ಲಿ ಗೊತ್ತಿಲ್ಲದ ಬ್ರೇಕನ್ನು ನಂಬುವುದಕ್ಕಿಂತ ಲಾರಿ ಬಾಡಿಗೆ ಅಗ್ಗ. ಏರಿಸುವಾಗ ಹಗ್ಗವನ್ನು ಬಂಪರಿಗಾಗಲೀ ಸ್ಪೋಕುಗಳಿಗಾಗಲೀ ಕಟ್ಟದೆ, ಹಿಂದಿನ ಆಕ್ಸಲ್ಲಿಗೂ ಮುಂದಿನ ಕ್ರಾಸ್‌ಮೆಂಬರಿಗೂ ಕಟ್ಟಿಸಿ. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರೆ ಮನೆ ತಲುಪಿದ ಕೂಡಲೇ ತೆಗೆದುಬಿಡಿ.